ಮೇಸ್ತ್ರಿ

ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ
ಮೊಟ್ಟೆಯ ಲೆಕ್ಕ.
ಮುಂದಿನಿಂದ ಊರ ಹೆಂಗಸರ ಎದೆ, ಸೊಂಟ, ತೋಳು;
ಹಿಂದಿನಿಂದ ಮೇಸ್ತ್ರಿಯ ಗೀಟುಗಳು.
ಮೊದಲ ವರ್ಷ ನೂರ ನಲವತ್ತೆರಡು,
ಆಮೇಲೆ ನೂರ ಹದಿನೆಂಟು, ತೊಂಬತ್ತು, ಹೀಗೆ ಇಳಿದು
ಹೋದ ವರ್ಷ ಹನ್ನೊಂದು.
ನಡುವೆ ನಾಲ್ಕು ಹಾಳೆ ಖಾಲಿ.

ಮೇಸ್ತ್ರಿ ಎಂದರೆ ಕೋಳಿ. ಗಿರಿರಾಜ ತಳಿ, ಏಳು ವರ್ಷ.
ಸಿದ್ದಾಪುರ ಸಂತೆಯಿಂದ ಅಂಗೈಯಷ್ಟು ಮರಿಯಾಗಿ ತಂದದ್ದು.
ಕಾಫಿ ಕಣದಲ್ಲಿ ಎದೆ ಉಬ್ಬಿಸಿ ಎಲ್ಲರ ಮುಂದೆ ನಡೆದು
ಯಾರ ಕೆಲಸವೂ ಸರಿಯಿಲ್ಲ ಎಂಬಂತೆ
ಕತ್ತು ಓರೆ ಮಾಡಿ ನೋಡುತ್ತಿದ್ದಳು. ಹೆಸರು ಅಂಟಿತು.

ಮಾರ್ಚ್ ತಿಂಗಳು, ಹೂಮಳೆ ಇನ್ನೂ ಬಿದ್ದಿರಲಿಲ್ಲ,
ಮೆಣಸಿನ ಬಳ್ಳಿಯ ಬುಡದಲ್ಲಿ ನೆಟ್ಟಗೆ ನಿಂತಿದ್ದಳು,
ಬಾಲ ನೆಲಕ್ಕೆ, ಕಣ್ಣು ಅರ್ಧ ಮುಚ್ಚಿ,
ತುಂಬು ಬಸುರಿ ಬಸ್ಸಿಗೆ ಕಾದಂತೆ.
ತಿಣುಕುತ್ತಾಳೆ, ನಿಲ್ಲುತ್ತಾಳೆ, ಮತ್ತೆ ತಿಣುಕುತ್ತಾಳೆ.
ಹಾಕಿದ ನುಚ್ಚು ಹಾಕಿದಂತೇ ಇತ್ತು.

ಪಶು ಆಸ್ಪತ್ರೆಗೆ ಫೋನು ಮಾಡಿದೆ.
“ಏಳು ವರ್ಷವಾ? ಅದಕ್ಕೆ ಔಷಧಿ ಬರೆಯೋದಿಲ್ಲ ಅಕ್ಕ,
ಕೊತ್ತಂಬರಿ, ಕಾಳುಮೆಣಸು, ಕಾಚಂಪುಳಿ ಬರೀತೀನಿ”
ಎಂದು ನಕ್ಕ ಕಾಂಪೌಂಡರ್. ಒಳ್ಳೆಯ ಹುಡುಗ,
ಅವನ ಹೆಂಡತಿಯ ಧಾರೆಯ ರವಿಕೆ ಹೊಲಿದವಳು ನಾನೇ.

ನಬೀಸತ್ತ ಬಂದರು ಬೇಲಿ ದಾಟಿ.
ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ,
ಮಗುವಿನ ಸ್ನಾನಕ್ಕೆ ನೋಡುವಂತೆ ನೋಡಿ, “ಇಳಿಸು” ಎಂದರು.
ಮೇಸ್ತ್ರಿ ಹೊಟ್ಟೆಯವರೆಗೆ ನೀರಲ್ಲಿ ಕೂತಳು. ಒದೆಯಲಿಲ್ಲ.
ಇಷ್ಟು ವರ್ಷ ಮುಟ್ಟಗೊಡದವಳು
ಕತ್ತನ್ನು ನನ್ನ ಮಣಿಕಟ್ಟಿನ ಮೇಲಿಟ್ಟಳು.
ಕೊಬ್ಬರಿ ಎಣ್ಣೆ. ಒಂದು ಬೆರಳು.
“ಇಲ್ಲೇ ಇದೆ, ಸಿಕ್ಕಿಕೊಂಡಿದೆ.
ಒತ್ತಬೇಡ. ಒಳಗೇ ಒಡೆದರೆ ಮುಗೀತು.”

ಅರ್ಧ ಗಂಟೆ, ಇಬ್ಬರೂ ಕುಕ್ಕರಗಾಲಲ್ಲಿ.
ಸುಮ್ಮನಿರಲಾರದೆ ಹೇಳಿದೆ:
ನನ್ನದು ನಿಂತು ಎರಡು ವರ್ಷವಾಯಿತು ನಬೀಸತ್ತ,
ರಾತ್ರಿ ಹೊದಿಕೆ ಒದೆಯುತ್ತೇನೆ, ಅಷ್ಟು ಉರಿ.
ಯಾರಿಗೂ ಹೇಳಿರಲಿಲ್ಲ. ಟೇಪು ಹಿಡಿದು
ಊರೆಲ್ಲರ ಸೊಂಟ ಸುತ್ತಿದವಳು
ನನ್ನದನ್ನು ಅಳೆದಿರಲಿಲ್ಲ.
ಅವರು ಬೆರಳು ತೆಗೆಯದೆಯೇ
“ನಂದು ನಿಂತು ಹದಿನಾರು.
ನೀರು ಆರ್ತಾ ಇದೆ, ಇನ್ನೊಂದು ಚೊಂಬು ತಾ” ಎಂದರು.

ಬಂತು.
ಮೊಟ್ಟೆಯಲ್ಲ, ಚಿಪ್ಪಿಲ್ಲದ ಚೀಲ,
ಬಳುಕುತ್ತ, ಒಳಗಿನ ಹಳದಿ ಹೊರಗೇ ಕಾಣುತ್ತ.
ಅಂಗೈಯಲ್ಲಿಟ್ಟುಕೊಂಡೆ. ಬೆಚ್ಚಗಿತ್ತು.
ಗೀಟು ಎಳೆಯಬೇಕೋ ಬೇಡವೋ ತಿಳಿಯದೆ
ಅರ್ಧ ಎಳೆದೆ.

ಮೊಟ್ಟೆಯೋಡು ಹುರಿದು ಪುಡಿ ಮಾಡಿ ಹಾಕಿದ್ದಾಯಿತು,
ಹೊಳೆದಂಡೆಯ ಚಿಪ್ಪು ಕುಟ್ಟಿ ಹಾಕಿದ್ದಾಯಿತು.
ಇನ್ನೆರಡು ಸಲ ಅದೇ ತಿಣುಕು, ಅದೇ ಬಕೆಟ್ಟು.
ಒಮ್ಮೆ ಗೋಲಿಯಷ್ಟು ಸಣ್ಣದು, ಒಡೆದರೆ ಹಳದಿಯೇ ಇಲ್ಲ.
ಆಮೇಲೆ ಅದೂ ಇಲ್ಲ.

ಕೈಲ್ ಪೊಳ್ದ್ ಹತ್ತಿರ ಬಂತು. ಅಳತೆ ಕೊಡಲು ಬಂದ ಪೊನ್ನವ್ವ
“ಇದನ್ನ ಇನ್ನೂ ಇಟ್ಕೊಂಡಿದ್ದೀಯಾ?” ಎಂದಳು. ತಪ್ಪೇನಿಲ್ಲ.
ನಾನೂ ಎಷ್ಟೋ ಕೊಯ್ದವಳೇ.
ಹೊಟ್ಟೆ ಸೀಳಿದರೆ ನೆಲ್ಲಿಕಾಯಿಯಿಂದ ಸಾಸಿವೆಯವರೆಗೆ
ಹಳದಿ ಗೊಂಚಲು, ನಾಳೆ ನಾಡಿದ್ದಿನ ಮೊಟ್ಟೆಗಳು;
ಮಕ್ಕಳು ಜಗಳವಾಡಿ ತಿನ್ನುತ್ತಿದ್ದವು.
ಮೇಸ್ತ್ರಿಯೊಳಗೆ ಈಗ ಏನಿದೆಯೋ.
ನೋಡುವ ಆಸೆ ನನಗಿಲ್ಲ.

ನಿನ್ನೆ ನಸುಕಿನಲ್ಲಿ ಅವಳು ಕೂಗಿದಳು.
ಹುಂಜದಂತಲ್ಲ, ಒಡಕು ದನಿ, ಅರ್ಧಕ್ಕೇ ಕೆಮ್ಮು.
ಹೇಂಟೆ ಕೂಗಿದರೆ ಮನೆಗಾಗದು ಎನ್ನುತ್ತಾರೆ.
ಎಚ್ಚರವೇ ಇದ್ದೆ, ಹೊದಿಕೆ ಕಾಲ ಬುಡದಲ್ಲಿತ್ತು.
ಬೇಲಿಯಾಚೆಯಿಂದ ನಬೀಸತ್ತ: “ಯಾರೇ ಅದು?”
“ಮೇಸ್ತ್ರಿ.”
ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ,
“ಹಾಜರಿ ಕರೀತಿದ್ದಾಳೆ. ಏಳು.”